ಆಂಡ್ರೆಯ್ ಅರ್ಶಾವಿನ್ ಅವರ ಆಟದ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ರಷ್ಯಾದ ಫುಟ್‌ಬಾಲ್ ಕುರಿತು ಮಾತು ಎದ್ದಾಗಲೆಲ್ಲ ಅರ್ಶಾವಿನ್ ಅವರ ಹೆಸರಿನ ಸುತ್ತ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಮರಳಿ ಬರುತ್ತವೆ. ಮಾತುಕತೆಯಲ್ಲೂ ಪತ್ರಗಳಲ್ಲೂ ಬಂದ ಅಂಥ ಪ್ರಶ್ನೆಗಳನ್ನು, ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು, ಇಲ್ಲಿ ಒಂದೆಡೆ ತಂದಿದೆ. ಸುಲಭದವು ಮೊದಲು, ವಾದಕ್ಕೆ ಎಡೆಯಿರುವವು ಕೊನೆಗೆ. ಯಾವ ಪ್ರಶ್ನೆಯನ್ನು ಬೇಕಾದರೂ ನೇರವಾಗಿ ತೆರೆದು ಓದಬಹುದು.

## ಪರಿಚಯಕ್ಕೆ ಸಂಬಂಧಿಸಿದವು

ಅರ್ಶಾವಿನ್ ಯಾರು? ಒಂದು ಪ್ಯಾರಾದಲ್ಲಿ ಹೇಳಿಬಿಡಿ.

ಆಂಡ್ರೆಯ್ ಅರ್ಶಾವಿನ್ 1981ರ ಮೇ 29ರಂದು ಆಗಿನ ಲೆನಿನ್‌ಗ್ರಾಡ್‌ನಲ್ಲಿ, ಅಂದರೆ ಇಂದಿನ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದರು. ಊರಿನ ತಂಡವಾದ ಜೆನಿತ್ ಪರವಾಗಿ 2000ದಿಂದ ಆಡಿ, 2007ರಲ್ಲಿ ರಷ್ಯಾದ ಲೀಗ್ ಪ್ರಶಸ್ತಿಯನ್ನೂ 2008ರಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್‌ಎ ಕಪ್ಪನ್ನೂ ಗೆದ್ದರು. ಅದೇ 2008ರಲ್ಲಿ, ಯುರೋಪಿನ ದೇಶಗಳ ಯುರೋ ಟೂರ್ನಿಯಲ್ಲಿ ರಷ್ಯಾ ಸೆಮಿಫೈನಲ್ ತಲುಪಲು ಮುಖ್ಯ ಕಾರಣರಾದರು. 2009ರ ಆರಂಭದಲ್ಲಿ ಲಂಡನ್ನಿನ ಆರ್ಸೆನಲ್ ಸೇರಿ 2013ರವರೆಗೆ ಅಲ್ಲಿದ್ದರು. ನಂತರ ಮತ್ತೆ ಜೆನಿತ್, ಬಳಿಕ ಕ್ರಾಸ್ನೊದಾರ್ ನಗರದ ಕುಬಾನ್, ಕೊನೆಗೆ ಕಜಕಸ್ತಾನದ ಕೈರಾತ್ ತಂಡಗಳಲ್ಲಿ ಆಡಿ 2018ರಲ್ಲಿ ನಿವೃತ್ತರಾದರು. ರಾಷ್ಟ್ರೀಯ ತಂಡಕ್ಕಾಗಿ 75 ಪಂದ್ಯ ಆಡಿ 17 ಗೋಲು ಹೊಡೆದಿದ್ದಾರೆ.

ಪೂರ್ತಿ ಹೆಸರಿನ ನಡುವೆ ‘ಸೆರ್ಗೆಯೆವಿಚ್’ ಅಂತ ಇದೆಯಲ್ಲ, ಅದು ಮನೆತನದ ಹೆಸರೇ?

ಅಲ್ಲ. ಅದು ತಂದೆಯ ಹೆಸರಿನಿಂದ ಬಂದದ್ದು. ಸೆರ್ಗೆಯ್ ಎಂಬವರ ಮಗ ಎಂದು ಅರ್ಥ. ನಮ್ಮಲ್ಲಿ ಅನೇಕರು ಹೆಸರಿನ ಮುಂದೆ ತಂದೆಯ ಹೆಸರನ್ನು ಇನಿಷಿಯಲ್ ಆಗಿ ಇಟ್ಟುಕೊಳ್ಳುತ್ತಾರಲ್ಲ, ಅದಕ್ಕೆ ಹತ್ತಿರದ ಪದ್ಧತಿ ಇದು; ಆದರೆ ರಷ್ಯನ್ನರಲ್ಲಿ ಅದು ಹೆಸರಿನ ನಡುವೆ ಕೂರುತ್ತದೆ, ಮತ್ತು ಹಿರಿಯರನ್ನು ಗೌರವದಿಂದ ಮಾತನಾಡಿಸುವಾಗ ‘ಆಂಡ್ರೆಯ್ ಸೆರ್ಗೆಯೆವಿಚ್’ ಎಂದೇ ಕರೆಯುತ್ತಾರೆ. ಮನೆತನದ ಹೆಸರು ಅರ್ಶಾವಿನ್. ಒತ್ತು ‘ಶಾ’ ಮೇಲೆ ಬೀಳುತ್ತದೆ.

ಅವರು ಮಿಡ್‌ಫೀಲ್ಡರೋ ಸ್ಟ್ರೈಕರೋ? ಒಂದೊಂದು ಕಡೆ ಒಂದೊಂದು ಬರೆದಿದೆ.

ಗೊಂದಲಕ್ಕೆ ಬರೆದವರು ಕಾರಣರಲ್ಲ, ಅವರ ಆಟವೇ ಕಾರಣ. ಎದುರಾಳಿಯ ಮಿಡ್‌ಫೀಲ್ಡರುಗಳ ಸಾಲಿಗೂ ಡಿಫೆಂಡರುಗಳ ಸಾಲಿಗೂ ನಡುವೆ ಒಂದು ಕಿರಿದಾದ ಜಾಗ ಉಳಿಯುತ್ತದೆ. ಅರ್ಶಾವಿನ್ ವಾಸಿಸುತ್ತಿದ್ದದ್ದು ಆ ಜಾಗದಲ್ಲಿ. ಮುಂದೆ ಎತ್ತರದ ಸ್ಟ್ರೈಕರ್ ಒಬ್ಬನಿದ್ದು ಡಿಫೆಂಡರುಗಳನ್ನು ತನ್ನ ಕಡೆಗೆ ಎಳೆದುಕೊಂಡರೆ, ಹಿಂದೆ ಮೂವರು ಮಿಡ್‌ಫೀಲ್ಡರುಗಳು ದುಡಿದು ಚೆಂಡು ಗಳಿಸಿಕೊಟ್ಟರೆ, ಇವರು ಆ ನಡುವಿನ ಜಾಗದಲ್ಲಿ ಎಡಕ್ಕೂ ಬಲಕ್ಕೂ ಅಲೆಯುತ್ತ, ಚೆಂಡು ಬಂದ ಮೊದಲ ಸ್ಪರ್ಶದಲ್ಲೇ ಗೋಲಿನತ್ತ ತಿರುಗಿಬಿಡುತ್ತಿದ್ದರು. ಎತ್ತರ 172 ಸೆಂಟಿಮೀಟರ್ ಮಾತ್ರ; ತಲೆಯಿಂದ ಗೋಲು ಹೊಡೆಯುವ ಸ್ಟ್ರೈಕರ್ ಆಗಲು ಆ ಮೈಕಟ್ಟು ಸಾಲದು. ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗಿ ಚೆಂಡು ಕಸಿಯುವ ಮಿಡ್‌ಫೀಲ್ಡರ್ ಆಗಲು ಆ ಸ್ವಭಾವ ಸಾಲದು. ಆದ್ದರಿಂದ ಅವರನ್ನು ‘ದಾಳಿಯ ಮಿಡ್‌ಫೀಲ್ಡರ್’ ಎಂದು ಕರೆಯುವುದು ಹೆಚ್ಚು ಸರಿ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಹಲವು ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಹೊಳೆಯುತ್ತದೆ, ಏಕೆಂದರೆ ಅವರ ಏಳುಬೀಳುಗಳೆಲ್ಲ ಆ ಜಾಗ ಅವರಿಗೆ ಸಿಕ್ಕಾಗ ಮತ್ತು ಸಿಗದಿದ್ದಾಗ ಆದ ಕಥೆಗಳು.

ಫ್ಯಾಷನ್ ಡಿಸೈನ್ ಓದಿದ್ದಾರೆ ಎನ್ನುವುದು ತಮಾಷೆಗೆ ಹೇಳುವ ಮಾತೇ?

ನಿಜವಾದ ಮಾತು. ಏಳನೆಯ ವಯಸ್ಸಿನಿಂದ ಅವರು ಕಲಿತದ್ದು ಊರಿನ ಸ್ಮೆನಾ ಫುಟ್‌ಬಾಲ್ ಶಾಲೆಯಲ್ಲಿ. ಆಟದ ಜೊತೆಗೇ ಸೇಂಟ್ ಪೀಟರ್ಸ್‌ಬರ್ಗ್‌ನ ತಂತ್ರಜ್ಞಾನ ಮತ್ತು ವಿನ್ಯಾಸ ವಿಶ್ವವಿದ್ಯಾಲಯಕ್ಕೆ ಸೇರಿ ಪದವಿ ಪಡೆದರು; ಅಂತಿಮ ವರ್ಷದ ಪ್ರಬಂಧದ ವಿಷಯ ಕ್ರೀಡಾ ಉಡುಪುಗಳ ತಯಾರಿಕೆಗೆ ಸಂಬಂಧಿಸಿದ್ದು. ವೃತ್ತಿಪರ ಆಟಗಾರರಲ್ಲಿ ಓದು ಮುಗಿಸುವವರೇ ಕಡಿಮೆ ಎಂಬುದನ್ನು ನೋಡಿದರೆ ಇದು ನಗುವ ಸಂಗತಿಯಲ್ಲ.

## ಜೆನಿತ್ ವರ್ಷಗಳು

ಜೆನಿತ್ ಪರ ಮೊದಲ ಪಂದ್ಯ ಯಾವುದು?

2000ದ ಆಗಸ್ಟ್ 2ರಂದು, ಯುರೋಪಿನ ಕ್ಲಬ್‌ಗಳ ಬೇಸಿಗೆ ಟೂರ್ನಿಯಾದ ಇಂಟರ್‌ಟೊಟೊ ಕಪ್‌ನಲ್ಲಿ, ಇಂಗ್ಲೆಂಡಿನ ಬ್ರಾಡ್‌ಫರ್ಡ್ ಸಿಟಿ ತಂಡದ ಮೇಲೆ, ಅವರದೇ ಅಂಗಳದಲ್ಲಿ. ಬದಲಿ ಆಟಗಾರನಾಗಿ ಇಳಿದರು. ಜೆನಿತ್ 3-0ರಿಂದ ಗೆದ್ದಿತು. ಹತ್ತೊಂಬತ್ತರ ಹುಡುಗನ ಮೊದಲ ದೊಡ್ಡ ಪಂದ್ಯ ಇಂಗ್ಲೆಂಡಿನ ನೆಲದಲ್ಲೇ ನಡೆದದ್ದು ಕಾಕತಾಳೀಯ. ಆದರೆ ಆ ದೇಶದ ಕ್ಲಬ್ಬೊಂದರ ಆಟಗಾರನಾಗಲು ಅವರಿಗೆ ಮತ್ತೆ ಎಂಟೂವರೆ ವರ್ಷ ಬೇಕಾಯಿತು.

2007ರ ಲೀಗ್ ಗೆಲುವಿಗೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅಷ್ಟು ಮಹತ್ವ ಏಕೆ?

ಸೋವಿಯತ್ ಕಾಲದಲ್ಲೂ ಆಮೇಲೂ ಲೀಗ್ ಪ್ರಶಸ್ತಿ ಆಗ ಹೆಚ್ಚಾಗಿ ಮಾಸ್ಕೋ ತಂಡಗಳ ಸ್ವತ್ತಾಗಿತ್ತು. ಸ್ಪಾರ್ಟಕ್, ಸಿಎಸ್‌ಕೆಎ, ಲೊಕೊಮೊಟಿವ್, ಡೈನಮೊ ಎಲ್ಲವೂ ರಾಜಧಾನಿಯವು. ದೇಶದ ಎರಡನೆಯ ನಗರದ ತಂಡ ಅದುವರೆಗೆ ಲೀಗ್ ಗೆದ್ದದ್ದು ಒಂದೇ ಸಲ, 1984ರಲ್ಲಿ. ಆಗ ಅರ್ಶಾವಿನ್ ಮೂರು ವರ್ಷದ ಮಗು. ರಷ್ಯಾ ಪ್ರತ್ಯೇಕ ದೇಶವಾದ ಮೇಲೆ ಒಂದು ಸಲವೂ ಗೆದ್ದಿರಲಿಲ್ಲ. 2003ರಲ್ಲಿ ಚೆಕ್ ಕೋಚ್ ವ್ಲಾಸ್ತಿಮಿಲ್ ಪೆಟ್ರ್‌ಜೆಲಾ ಅವರ ಕೈಯಲ್ಲಿ ಎರಡನೆಯ ಸ್ಥಾನಕ್ಕೆ ಬಂದು ಆಸೆ ಹುಟ್ಟಿಸಿತ್ತು. 2005ರ ಕೊನೆಯಲ್ಲಿ ಅನಿಲ ಕಂಪನಿ ಗ್ಯಾಜ್‌ಪ್ರೋಮ್ ಕ್ಲಬ್ಬಿನ ಹಿಡಿತ ಪಡೆಯಿತು. 2006ರಲ್ಲಿ ಹಾಲೆಂಡಿನ ಡಿಕ್ ಅಡ್ವೊಕಾಟ್ ಕೋಚ್ ಆಗಿ ಬಂದರು. ಅದೇ ವರ್ಷ ಅರ್ಶಾವಿನ್ ರಷ್ಯಾದ ವರ್ಷದ ಆಟಗಾರ ಎನಿಸಿಕೊಂಡರು. 2007ರ ನವೆಂಬರ್‌ನ ಕೊನೆಯ ಸುತ್ತಿನಲ್ಲಿ ಸತುರ್ನ್ ತಂಡವನ್ನು ಅದರ ಅಂಗಳದಲ್ಲೇ 1-0ರಿಂದ ಸೋಲಿಸಿ ಜೆನಿತ್ ಪ್ರಶಸ್ತಿ ಎತ್ತಿತು. ಹೊರಗಿನಿಂದ ತಂದ ತಾರೆಯರ ನಡುವೆ ಊರಿನ ಶಾಲೆಯಲ್ಲೇ ಆಟ ಕಲಿತ ಹುಡುಗನೊಬ್ಬ ಆ ತಂಡದ ಮುಖವಾಗಿದ್ದದ್ದು ಊರಿನವರಿಗೆ ಟ್ರೋಫಿಯಷ್ಟೇ ಮುಖ್ಯವಾಗಿತ್ತು.

ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಅವರು ಗೋಲು ಹೊಡೆಯಲೇ ಇಲ್ಲ, ಹಾಗಿದ್ದೂ ಪಂದ್ಯಶ್ರೇಷ್ಠ ಆದದ್ದು ಹೇಗೆ?

2008ರ ಮೇ 14ರಂದು ಮ್ಯಾಂಚೆಸ್ಟರ್‌ನಲ್ಲಿ ಗ್ಲಾಸ್ಗೋದ ರೇಂಜರ್ಸ್ ಎದುರು ನಡೆದ ಪಂದ್ಯ ಅದು. ರೇಂಜರ್ಸ್ ತಂಡ ಆ ಟೂರ್ನಿಯ ಉದ್ದಕ್ಕೂ ತನ್ನ ಗೋಲಿನ ಮುಂದೆ ಗೋಡೆ ಕಟ್ಟಿಕೊಂಡು ಆಡಿತ್ತು, ಫೈನಲ್‌ನಲ್ಲೂ ಹಾಗೆಯೇ ಆಡಿತು. ಸೆಮಿಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್ ತಂಡವನ್ನು ತವರಿನಲ್ಲಿ 4-0ರಿಂದ ಪುಡಿಗಟ್ಟಿದ್ದ ಜೆನಿತ್‌ಗೆ ಇಲ್ಲಿ ಎದುರಾದದ್ದು ಬೇರೆಯೇ ಬಗೆಯ ಒಗಟು, ಮತ್ತು ಮುಖ್ಯ ಸ್ಟ್ರೈಕರ್ ಪಾವೆಲ್ ಪೊಗ್ರೆಬ್ನ್ಯಾಕ್ ಅಮಾನತಿನಿಂದಾಗಿ ಹೊರಗಿದ್ದರು. ಅಂಥ ಗೋಡೆಯನ್ನು ಮುರಿಯಲು ಓಟದ ಬಲ ಸಾಲುವುದಿಲ್ಲ. ಗೋಡೆಯಲ್ಲಿ ಒಂದು ಕ್ಷಣ ಮಾತ್ರ ತೆರೆಯುವ ಸಂದು ಕಾಣಬೇಕು. 72ನೇ ನಿಮಿಷದಲ್ಲಿ ಅರ್ಶಾವಿನ್ ಅದನ್ನು ಕಂಡರು, ಚೆಂಡನ್ನು ಅಲ್ಲಿಂದ ತೂರಿಸಿದರು, ಓಡಿಬಂದ ಇಗೋರ್ ಡೆನಿಸೊವ್ ಗೋಲು ಹೊಡೆದರು. ಕೊನೆಯ ಗಳಿಗೆಯಲ್ಲಿ ಕಾನ್ಸ್ಟಾಂಟಿನ್ ಜಿರ್ಯಾನೊವ್ ಎರಡನೆಯದನ್ನು ಸೇರಿಸಿದರು. ಪಂದ್ಯದ ಬೀಗ ತೆಗೆದವರಿಗೆ ಪಂದ್ಯಶ್ರೇಷ್ಠ ಗೌರವ ಸಂದಿತು. ಅದೇ ಆಗಸ್ಟ್‌ನಲ್ಲಿ ಮೊನಾಕೊದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 2-1ರಿಂದ ಸೋಲಿಸಿ ಜೆನಿತ್ ಯುರೋಪಿನ ಸೂಪರ್ ಕಪ್ಪನ್ನೂ ಪಡೆಯಿತು.

## ರಷ್ಯಾ ತಂಡದಲ್ಲಿ

ಯುರೋ 2008ರ ಮೊದಲ ಎರಡು ಪಂದ್ಯಗಳಲ್ಲಿ ಅವರು ಏಕೆ ಇರಲಿಲ್ಲ? ಗಾಯವೇ?

ಗಾಯವಲ್ಲ, ಕೆಂಪು ಕಾರ್ಡ್. 2007ರ ನವೆಂಬರ್ 21ರಂದು ಅರ್ಹತಾ ಸುತ್ತಿನ ಕೊನೆಯ ಪಂದ್ಯ ಪುಟ್ಟ ದೇಶ ಅಂಡೋರಾದ ವಿರುದ್ಧ ಇತ್ತು. ರಷ್ಯಾ ಕಷ್ಟಪಟ್ಟು 1-0ರಿಂದ ಗೆದ್ದಿತು. ಅದೇ ರಾತ್ರಿ ವೆಂಬ್ಲಿಯಲ್ಲಿ ಕ್ರೊಯೇಷಿಯಾ ಇಂಗ್ಲೆಂಡನ್ನು 3-2ರಿಂದ ಸೋಲಿಸಿದ್ದರಿಂದ ಇಂಗ್ಲೆಂಡ್ ಹೊರಬಿದ್ದು ರಷ್ಯಾ ಒಳಬಂದಿತು. ದೇಶವೇ ಕುಣಿಯುತ್ತಿದ್ದ ಆ ಪಂದ್ಯದಲ್ಲಿ ಅರ್ಶಾವಿನ್ ತಾಳ್ಮೆಗೆಟ್ಟು ಕೆಂಪು ಕಾರ್ಡ್ ಪಡೆದು, ಟೂರ್ನಿಯ ಮೊದಲ ಎರಡು ಪಂದ್ಯಗಳಿಗೆ ಅಮಾನತಾದರು. ಗುಂಪು ಹಂತದಲ್ಲಿ ಇರುವುದೇ ಮೂರು ಪಂದ್ಯ. ಅದರಲ್ಲಿ ಎರಡನ್ನು ಆಡಲಾಗದವನಿಗಾಗಿ ತಂಡದಲ್ಲಿ ಜಾಗ ಕಾದಿರಿಸುವುದು ಯಾವ ಕೋಚ್‌ಗೂ ಸುಲಭದ ತೀರ್ಮಾನವಲ್ಲ. ಗುಸ್ ಹಿಡಿಂಕ್ ಅದನ್ನು ಮಾಡಿದರು. ಸ್ಪೇನ್ ಎದುರು ರಷ್ಯಾ 1-4ರಿಂದ ಸೋತಿತು, ಗ್ರೀಸ್ ಎದುರು 1-0ರಿಂದ ಗೆದ್ದಿತು. ಮೂರನೆಯ ಪಂದ್ಯದಲ್ಲಿ ಸ್ವೀಡನ್ ವಿರುದ್ಧ ಅರ್ಶಾವಿನ್ ಇಳಿದರು. ರಷ್ಯಾ 2-0ರಿಂದ ಗೆದ್ದು ಕ್ವಾರ್ಟರ್ ಫೈನಲ್‌ಗೆ ಹೋಯಿತು. ಎರಡನೆಯ ಗೋಲು ಅವರದೇ.

ನೆದರ್ಲೆಂಡ್ಸ್ ವಿರುದ್ಧದ ಪಂದ್ಯವನ್ನು ಇಂದಿಗೂ ಎಲ್ಲರೂ ನೆನೆಯುತ್ತಾರೆ. ಅಂಥದ್ದೇನಾಯಿತು ಅದರಲ್ಲಿ?

ಗುಂಪು ಹಂತದಲ್ಲಿ ಇಟಲಿ, ಫ್ರಾನ್ಸ್, ರುಮೇನಿಯಾ ಮೂರನ್ನೂ ಸೋಲಿಸಿ ಬಂದಿದ್ದ ನೆದರ್ಲೆಂಡ್ಸ್ ಆ ಟೂರ್ನಿಯ ಅತ್ಯಂತ ಮೆಚ್ಚುಗೆಯ ತಂಡವಾಗಿತ್ತು. 2008ರ ಜೂನ್ 21ರಂದು ಬಾಸೆಲ್ ನಗರದಲ್ಲಿ ಅದರ ಎದುರು ನಿಂತ ರಷ್ಯಾ ತಂಡದ ಕೋಚ್ ಕೂಡ ಡಚ್ಚರವರೇ. ರೋಮನ್ ಪಾವ್ಲ್ಯುಚೆಂಕೊ 56ನೇ ನಿಮಿಷದಲ್ಲಿ ರಷ್ಯಾಕ್ಕೆ ಮುನ್ನಡೆ ಕೊಟ್ಟರು. 86ನೇ ನಿಮಿಷದಲ್ಲಿ ರೂಡ್ ವ್ಯಾನ್ ನಿಸ್ಟೆಲ್‌ರಾಯ್ ಸಮ ಮಾಡಿದರು. ಇಂಥ ಹೊತ್ತಿನಲ್ಲಿ ಸಣ್ಣ ತಂಡ ಕುಸಿಯುವುದು ವಾಡಿಕೆ. ಹೆಚ್ಚುವರಿ ಅವಧಿಯಲ್ಲಿ ನಡೆದದ್ದು ಅದರ ತಿರುಗುಮುರುಗು: ಡಚ್ ಆಟಗಾರರ ಕಾಲುಗಳು ಸೋತವು, ರಷ್ಯನ್ನರು ಓಡುತ್ತಲೇ ಇದ್ದರು. 112ನೇ ನಿಮಿಷದಲ್ಲಿ ಅರ್ಶಾವಿನ್ ಎಡ ಅಂಚಿನಲ್ಲಿ ಓಡಿ ದೂರದ ಕಂಬದತ್ತ ಕ್ರಾಸ್ ಕಳಿಸಿದರು, ದ್ಮಿತ್ರಿ ತೊರ್ಬಿನ್‌ಸ್ಕಿ ಅದನ್ನು ಒಳತಳ್ಳಿದರು. ನಾಲ್ಕು ನಿಮಿಷದ ನಂತರ ಥ್ರೋ ಇನ್‌ನಿಂದ ಬಂದ ಚೆಂಡನ್ನು ಹಿಡಿದು, ಗೋಲ್‌ಕೀಪರ್ ಎಡ್ವಿನ್ ವ್ಯಾನ್ ಡೆರ್ ಸಾರ್ ಅವರ ಕಾಲುಗಳ ನಡುವಿನಿಂದಲೇ ಅರ್ಶಾವಿನ್ ಗೋಲು ಹೊಡೆದರು. 3-1. ಬಾಯಿಯ ಮೇಲೆ ಬೆರಳಿಟ್ಟುಕೊಳ್ಳುವ ಅವರ ಸಂಭ್ರಮದ ಭಂಗಿ ಯುರೋಪಿನ ಪತ್ರಿಕೆಗಳಿಗೆಲ್ಲ ಪರಿಚಿತವಾದದ್ದು ಆ ಬೇಸಿಗೆಯಲ್ಲಿ.

ಸೆಮಿಫೈನಲ್‌ನಲ್ಲಿ ಸ್ಪೇನ್ ಅವರಿಗೆ ಜಾಗವನ್ನೇ ಕೊಡಲಿಲ್ಲ. ರಷ್ಯಾ 0-3ರಿಂದ ಸೋತಿತು. ಹೀಗಾಗಿ ಅವರ ಯುರೋ 2008 ಎಂದರೆ ಮೂರೇ ಪಂದ್ಯ. ಆದರೂ ಟೂರ್ನಿಯ ಶ್ರೇಷ್ಠ ಆಟಗಾರರ ಪಟ್ಟಿಯಲ್ಲಿ ಹೆಸರು ಬಂತು, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ ಓರ್ ಪ್ರಶಸ್ತಿಯ ಆ ವರ್ಷದ ಮತದಾನದಲ್ಲಿ ಆರನೆಯ ಸ್ಥಾನವೂ ಸಿಕ್ಕಿತು. ಅವರಿಗಿಂತ ಮುಂದಿದ್ದವರು ರೊನಾಲ್ಡೊ, ಮೆಸ್ಸಿ, ಟೊರೆಸ್, ಕಸಿಯಸ್, ಚಾವಿ.

ಅಷ್ಟು ದೊಡ್ಡ ಆಟಗಾರ ಒಂದೂ ವಿಶ್ವಕಪ್ ಆಡಿಲ್ಲವೇ?

ಆಡಿಲ್ಲ. ರಾಷ್ಟ್ರೀಯ ತಂಡಕ್ಕೆ 2002ರ ಮೇ ತಿಂಗಳಲ್ಲಿ ಬಂದರೂ ಆ ವರ್ಷದ ವಿಶ್ವಕಪ್ ತಂಡದಲ್ಲಿ ಹೆಸರಿರಲಿಲ್ಲ. 2006ಕ್ಕೆ ರಷ್ಯಾ ಅರ್ಹತೆಯನ್ನೇ ಪಡೆಯಲಿಲ್ಲ. 2010ರದ್ದು ಹೆಚ್ಚು ನೋವಿನದು: 2009ರ ನವೆಂಬರ್‌ನ ಪ್ಲೇ ಆಫ್‌ನಲ್ಲಿ ಸ್ಲೊವೇನಿಯಾವನ್ನು ಮಾಸ್ಕೋದಲ್ಲಿ 2-1ರಿಂದ ಸೋಲಿಸಿ, ಮಾರಿಬೋರ್‌ನಲ್ಲಿ 0-1ರಿಂದ ಸೋತು, ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬ ನಿಯಮದಿಂದ ಹೊರಬಿದ್ದರು. 2014ರ ಹೊತ್ತಿಗೆ ಕೋಚ್ ಆಗಿದ್ದ ಫಾಬಿಯೊ ಕಪೆಲ್ಲೊ ಅವರ ಲೆಕ್ಕದಲ್ಲಿ ಅರ್ಶಾವಿನ್ ಇರಲಿಲ್ಲ. ತಮ್ಮದೇ ದೇಶದಲ್ಲಿ 2018ರ ವಿಶ್ವಕಪ್ ನಡೆದಾಗ ಅವರು ಅಲ್ಮಾಟಿಯಲ್ಲಿ ಕ್ಲಬ್ ಆಟಗಾರರಾಗಿದ್ದರು.

ಯುರೋ 2012ರ ನಂತರ ಜನ ಅವರ ಮೇಲೆ ಅಷ್ಟು ಸಿಟ್ಟಾದದ್ದು ಏಕೆ?

ಪಂದ್ಯ ಸೋತದ್ದಕ್ಕಿಂತ ಹೆಚ್ಚಾಗಿ ಆಡಿದ ಮಾತಿಗೆ. ಆ ಟೂರ್ನಿಯಲ್ಲಿ ಅವರು ನಾಯಕರು, ಕೋಚ್ ಹಳೆಯ ಅಡ್ವೊಕಾಟ್. ಮೊದಲ ಪಂದ್ಯದಲ್ಲಿ ಚೆಕ್ ಗಣರಾಜ್ಯವನ್ನು 4-1ರಿಂದ ಸೋಲಿಸಿದಾಗ 2008 ಮರಳಿತು ಎಂದೇ ಎಲ್ಲರೂ ಭಾವಿಸಿದರು. ಪೋಲೆಂಡ್ ಜೊತೆ 1-1 ಸಮ. ಕೊನೆಯ ಪಂದ್ಯದಲ್ಲಿ ಗ್ರೀಸ್ ಎದುರು ಸಮ ಮಾಡಿಕೊಂಡಿದ್ದರೂ ಸಾಕಿತ್ತು. 0-1ರಿಂದ ಸೋತು ಮನೆಗೆ ಮರಳಿದರು. ಬಳಿಕ ಹೋಟೆಲಿನಲ್ಲಿ ಪ್ರಶ್ನಿಸಿದ ಅಭಿಮಾನಿಗಳಿಗೆ ಅರ್ಶಾವಿನ್, ನಿಮ್ಮ ನಿರೀಕ್ಷೆ ಈಡೇರದಿದ್ದರೆ ಅದು ನಿಮ್ಮ ಸಮಸ್ಯೆ ಎಂಬ ಅರ್ಥದ ಉತ್ತರ ಕೊಟ್ಟರು. ಯಾರೋ ಅದನ್ನು ಚಿತ್ರೀಕರಿಸಿದ್ದರು. ಆ ಮಾತು ರಷ್ಯಾದಲ್ಲಿ ಗಾದೆಯಷ್ಟೇ ಪ್ರಸಿದ್ಧವಾಯಿತು. ಇಂದಿಗೂ ಯಾವ ತಂಡ ಸೋತರೂ ಅದನ್ನು ನೆನೆಯುತ್ತಾರೆ. ಅದಾದ ಮೇಲೆ ಅವರು ರಾಷ್ಟ್ರೀಯ ತಂಡಕ್ಕೆ ಮತ್ತೆ ಆಡಲಿಲ್ಲ. ಮಾತಿನಲ್ಲಿ ತರ್ಕವಿರಬಹುದು, ಆದರೆ ಸೋತ ನಾಯಕ ತರ್ಕ ಮಾತನಾಡುವ ಹೊತ್ತು ಅದಾಗಿರಲಿಲ್ಲ.

## ಆರ್ಸೆನಲ್ ವರ್ಷಗಳು

ಹಿಮ ಸುರಿದದ್ದರಿಂದ ವರ್ಗಾವಣೆ ಒಂದು ದಿನ ತಡವಾಯಿತು ಎಂಬ ಕಥೆ ನಿಜವೇ?

ಬಹುಪಾಲು ನಿಜ. 2008ರ ಬೇಸಿಗೆಯಲ್ಲೇ ಅವರು ಹೊರಡಲು ತುದಿಗಾಲಲ್ಲಿ ನಿಂತಿದ್ದರು. ಬಾರ್ಸಿಲೋನಾ ತಮ್ಮ ಕನಸಿನ ತಂಡ ಎಂದು ಬಾಯಿಬಿಟ್ಟೇ ಹೇಳಿಕೊಂಡಿದ್ದರು, ಟಾಟನ್‌ಹ್ಯಾಮ್ ಕೂಡ ಕೇಳಿತ್ತು. ಜೆನಿತ್ ಕೇಳಿದ ಬೆಲೆಗೆ ಯಾರೂ ಒಪ್ಪಲಿಲ್ಲ. 2009ರ ಜನವರಿಯ ವರ್ಗಾವಣೆ ಅವಧಿ ಫೆಬ್ರವರಿ 2ರ ಸಂಜೆ ಮುಗಿಯುವುದಿತ್ತು. ಅಂದು ಲಂಡನ್ನಿನಲ್ಲಿ ಅನೇಕ ವರ್ಷಗಳಲ್ಲಿ ಕಾಣದಷ್ಟು ಹಿಮ ಬಿದ್ದು ನಗರವೇ ಸ್ತಬ್ಧವಾಗಿತ್ತು. ಮಾತುಕತೆ ಕೊನೆಯ ಗಳಿಗೆಯವರೆಗೆ ಎಳೆದಾಡಿತು, ಕಾಗದಪತ್ರಗಳಿಗೆ ಅನುಮೋದನೆ ದೊರೆತು ಘೋಷಣೆಯಾದದ್ದು ಮರುದಿನ. ಬೆಲೆ ಸುಮಾರು 1.5 ಕೋಟಿ ಪೌಂಡ್ ಎಂದು ಪತ್ರಿಕೆಗಳು ಬರೆದವು. ಅವರಿಗೆ ಸಿಕ್ಕದ್ದು 23ನೇ ಸಂಖ್ಯೆಯ ಅಂಗಿ.

ಆನ್‌ಫೀಲ್ಡ್‌ನಲ್ಲಿ ಹೊಡೆದ ನಾಲ್ಕು ಗೋಲುಗಳ ಬಗ್ಗೆ ವಿವರವಾಗಿ ಹೇಳುತ್ತೀರಾ?

2009ರ ಏಪ್ರಿಲ್ 21, ಮಂಗಳವಾರ ರಾತ್ರಿ, ಲಿವರ್‌ಪೂಲ್ ತಂಡದ ಅಂಗಳವಾದ ಆನ್‌ಫೀಲ್ಡ್‌ನಲ್ಲಿ. ನಮ್ಮಲ್ಲಿ ಆಗ ಮಧ್ಯರಾತ್ರಿ ದಾಟಿತ್ತು; ನಿದ್ದೆಗೆಟ್ಟು ನೋಡಿದವರು ಬೆಳಿಗ್ಗೆ ಕಚೇರಿಯಲ್ಲಿ ತೂಕಡಿಸಿದರೂ ದೂರಲಿಲ್ಲ. ಲಿವರ್‌ಪೂಲ್ ಆ ವರ್ಷ ಲೀಗ್ ಪ್ರಶಸ್ತಿಗಾಗಿ ಹೋರಾಡುತ್ತಿತ್ತು, ಅದಕ್ಕೆ ಗೆಲುವು ಬೇಕೇಬೇಕಿತ್ತು. ಮೂರು ದಿನ ಮೊದಲು ಚೆಲ್ಸಿ ವಿರುದ್ಧದ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಆರ್ಸೆನಲ್ ಕೋಚ್ ಆರ್ಸೆನ್ ವೆಂಗರ್ ಅರ್ಶಾವಿನ್ ಅವರನ್ನು ಆರಂಭದಲ್ಲಿ ಇಳಿಸದೆ ಬೆಂಚಿನ ಮೇಲೆ ಕೂರಿಸಿದ್ದರು, ಆರ್ಸೆನಲ್ ಸೋತಿತ್ತು.

36ನೇ ನಿಮಿಷದಲ್ಲಿ ಸೆಸ್ಕ್ ಫಾಬ್ರೆಗಾಸ್ ಹಿಂದಕ್ಕೆ ಎಳೆದುಕೊಟ್ಟ ಚೆಂಡನ್ನು ಮೇಲಿನ ಬಲೆಗೆ ಹೊಡೆದು ಮೊದಲ ಗೋಲು. ವಿರಾಮದ ನಂತರ ಟೊರೆಸ್ ಮತ್ತು ಬೆನಯೂನ್ ಗೋಲುಗಳಿಂದ ಲಿವರ್‌ಪೂಲ್ 2-1ಕ್ಕೆ ಏರಿತು. 67ನೇ ನಿಮಿಷದಲ್ಲಿ ಪೆನಾಲ್ಟಿ ಬಾಕ್ಸಿನ ಹೊರಗಿನಿಂದ ಹೊಡೆದ ಹೊಡೆತ ಎರಡನೆಯದು. 70ನೇ ನಿಮಿಷದಲ್ಲಿ ಲಿವರ್‌ಪೂಲ್‌ನ ಫಾಬಿಯೊ ಔರೆಲಿಯೊ ಸರಿಯಾಗಿ ದೂರ ಸಾಗಿಸದೆ ಬಿಟ್ಟ ಚೆಂಡು ಮೂರನೆಯದಾಯಿತು. ಎರಡೇ ನಿಮಿಷದಲ್ಲಿ ಟೊರೆಸ್ ಮತ್ತೆ ಸಮ ಮಾಡಿದರು. 90ನೇ ನಿಮಿಷದಲ್ಲಿ ಲಿವರ್‌ಪೂಲ್ ಪೂರ್ತಿ ಮುಂದೆ ನುಗ್ಗಿದ್ದಾಗ ಥಿಯೊ ವಾಲ್ಕಾಟ್ ಚೆಂಡು ಹಿಡಿದು ಮೈದಾನದ ಉದ್ದಕ್ಕೂ ಓಡಿ ಅರ್ಶಾವಿನ್‌ಗೆ ಕೊಟ್ಟರು, ನಾಲ್ಕನೆಯದು. ಅವರು ನಾಲ್ಕು ಬೆರಳುಗಳನ್ನು ಎತ್ತಿ ತೋರಿಸಿದ ಚಿತ್ರ ಆಗಿನದು. ಕೊನೆಯ ಗಳಿಗೆಯಲ್ಲಿ ಬೆನಯೂನ್ ಮತ್ತೆ ಹೊಡೆದು ಪಂದ್ಯ 4-4ರಲ್ಲಿ ನಿಂತಿತು. ಲೀಗ್ ಪಂದ್ಯದಲ್ಲಿ ಪ್ರವಾಸಿ ತಂಡದ ಒಬ್ಬನೇ ಆನ್‌ಫೀಲ್ಡ್‌ನಲ್ಲಿ ನಾಲ್ಕು ಗೋಲು ಹೊಡೆದದ್ದು 1946ರ ನಂತರ ಅದೇ ಮೊದಲು.

ಆ ರಾತ್ರಿ ಆರ್ಸೆನಲ್ ಒಳ್ಳೆಯ ಆಟವಾಡಿತು ಎಂದು ಹೇಳಲಾಗದು. ಹೆಚ್ಚಿನ ಹೊತ್ತು ಚೆಂಡೂ ದಾಳಿಯೂ ಲಿವರ್‌ಪೂಲ್‌ನದೇ. ಎದುರಾಳಿ ಮುಂದೆ ಬಂದಾಗ ಹಿಂದೆ ತೆರೆದ ಜಾಗವೇ ಅರ್ಶಾವಿನ್‌ಗೆ ವರವಾಯಿತು. ಇದನ್ನು ಗಮನಿಸದೆ, ಪ್ರತಿ ವಾರವೂ ಹೀಗೆಯೇ ಆಡಲಿ ಎಂದು ಕಾಯುತ್ತ ಕೂತದ್ದು ಅಭಿಮಾನಿಗಳ ತಪ್ಪು.

ಮೊದಲ ವರ್ಷವೇ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿಸಲಿಲ್ಲ ಏಕೆ?

ಯುರೋಪಿನ ಕ್ಲಬ್‌ಗಳ ಈ ಮುಖ್ಯ ಟೂರ್ನಿಯಲ್ಲಿ ಆಡಿಸುವಂತಿರಲಿಲ್ಲ. ಅದೇ ಋತುವಿನ ಗುಂಪು ಹಂತದಲ್ಲಿ ರಿಯಲ್ ಮ್ಯಾಡ್ರಿಡ್ ಮತ್ತು ಯುವೆಂಟಸ್ ಇದ್ದ ಗುಂಪಿನಲ್ಲಿ ಜೆನಿತ್ ಪರ ಆಡಿದ್ದರು; ಒಂದೇ ಋತುವಿನಲ್ಲಿ ಎರಡು ಕ್ಲಬ್‌ಗಳ ಪರ ಆ ಟೂರ್ನಿ ಆಡಲು ಆಗಿನ ನಿಯಮ ಬಿಡುತ್ತಿರಲಿಲ್ಲ.

ಅಷ್ಟು ಚೆನ್ನಾಗಿ ಶುರುಮಾಡಿದವರು ಆಮೇಲೆ ಇಳಿದದ್ದು ಏಕೆ?

ಒಂದೇ ಕಾರಣ ಹುಡುಕುವವರಿಗೆ ‘ಸೋಮಾರಿ’ ಎಂಬ ಪದ ಕೈಗೆ ಸಿಗುತ್ತದೆ. ಆದರೆ ಮೊದಲು ನೋಡಬೇಕಾದದ್ದು ಅವರು ಎಲ್ಲಿ ನಿಂತು ಆಡಿದರು ಎಂಬುದನ್ನು. ಆರ್ಸೆನಲ್‌ನಲ್ಲಿ ನಡುವಿನ ಜಾಗ ಫಾಬ್ರೆಗಾಸ್ ಅವರದು, ಅವರಿಲ್ಲದಾಗ ಸಮೀರ್ ನಸ್ರಿ ಅವರದು. ಅರ್ಶಾವಿನ್‌ಗೆ ಉಳಿದದ್ದು ಎಡ ಅಂಚು. ಅಂಚಿನ ಆಟಗಾರ ಪ್ರತಿ ಸಲವೂ ಹಿಂದಕ್ಕೆ ಓಡಿ ತನ್ನ ಎಡ ಡಿಫೆಂಡರ್‌ಗೆ ನೆರವಾಗಬೇಕು, ಗೆರೆಯ ಪಕ್ಕ ನಿಂತು ಚೆಂಡಿಗೆ ಕಾಯಬೇಕು. ಇದು ಅವರಿಗೆ ಬಂದ ಕೆಲಸವಲ್ಲ. 2009ರ ನವೆಂಬರ್‌ನಲ್ಲಿ ರಾಬಿನ್ ವ್ಯಾನ್ ಪರ್ಸಿ ಗಾಯಗೊಂಡು ತಿಂಗಳುಗಟ್ಟಲೆ ಹೊರಗುಳಿದಾಗ ಇನ್ನೂ ವಿಚಿತ್ರ: 172 ಸೆಂಟಿಮೀಟರಿನ ಈ ಮನುಷ್ಯನನ್ನು ಒಂಟಿ ಸ್ಟ್ರೈಕರ್ ಮಾಡಿ ಎತ್ತರದ ಡಿಫೆಂಡರುಗಳ ನಡುವೆ ನಿಲ್ಲಿಸಿದರು. ಆಗಲೂ ಡಿಸೆಂಬರ್‌ನಲ್ಲಿ ಆನ್‌ಫೀಲ್ಡ್‌ನಲ್ಲೇ ಗೆಲುವಿನ ಗೋಲು ಹೊಡೆದರು ಎಂಬುದು ಬೇರೆ ಮಾತು.

ಎರಡನೆಯದು ಕ್ಯಾಲೆಂಡರ್. ರಷ್ಯಾದ ಚಳಿಗಾಲದ ಕಾರಣಕ್ಕೆ ಅಲ್ಲಿನ ಲೀಗ್ ಆಗ ವಸಂತದಲ್ಲಿ ಶುರುವಾಗಿ ನವೆಂಬರ್‌ನಲ್ಲಿ ಮುಗಿಯುತ್ತಿತ್ತು; 2011-12ರ ಸುದೀರ್ಘ ಋತುವಿನ ಮೂಲಕ ಅದನ್ನು ಯುರೋಪಿನ ಉಳಿದ ದೇಶಗಳ ಕ್ರಮಕ್ಕೆ ತಂದರು. 2008ರ ಮಾರ್ಚ್‌ನಿಂದ ಆಡುತ್ತಿದ್ದ ದೇಹ ಡಿಸೆಂಬರ್‌ನಲ್ಲಿ ವಿಶ್ರಾಂತಿಗೆ ಹೋಗಿ, ಫೆಬ್ರವರಿಯಲ್ಲಿ ಏಕಾಏಕಿ ಇಂಗ್ಲಿಷ್ ಋತುವಿನ ನಡುವೆ ಇಳಿಯಿತು. ಹೊಸ ಹುರುಪಿನಲ್ಲಿ ಮೊದಲ ಮೂರು ತಿಂಗಳು ಸಾಗಿದವು. ಪೂರ್ತಿ ಹತ್ತು ತಿಂಗಳ ಇಂಗ್ಲಿಷ್ ಋತು, ಅದೂ ಚಳಿಗಾಲದ ಬಿಡುವಿಲ್ಲದ್ದು, ಬೇರೆಯದೇ ಪರೀಕ್ಷೆ.

ಮೂರನೆಯದು ವಯಸ್ಸು. ಬಂದಾಗಲೇ ಇಪ್ಪತ್ತೆಂಟಕ್ಕೆ ಸಮೀಪ. ಮೊದಲ ಐದಾರು ಗಜದ ಚುರುಕನ್ನೇ ನೆಚ್ಚಿಕೊಂಡ ಆಟಗಾರನಿಗೆ ಆ ಚುರುಕು ತುಸು ತಗ್ಗಿದರೂ ಉಳಿದದ್ದೆಲ್ಲ ತಗ್ಗುತ್ತದೆ.

ಬಾರ್ಸಿಲೋನಾ ವಿರುದ್ಧ ಗೋಲು ಹೊಡೆದದ್ದು ಇದೇ ಇಳಿಗಾಲದಲ್ಲಲ್ಲವೇ?

ಹೌದು, 2011ರ ಫೆಬ್ರವರಿ 16ರಂದು, ಚಾಂಪಿಯನ್ಸ್ ಲೀಗ್‌ನಲ್ಲಿ. ಬದಲಿ ಆಟಗಾರನಾಗಿ ಇಳಿದಿದ್ದರು. 78ನೇ ನಿಮಿಷದಲ್ಲಿ ವ್ಯಾನ್ ಪರ್ಸಿ ಸಮ ಮಾಡಿದ್ದರು. ಐದು ನಿಮಿಷದ ನಂತರ ವಿಲ್‌ಶೇರ್, ಫಾಬ್ರೆಗಾಸ್, ನಸ್ರಿ ಮೂವರ ಕಾಲಿನಿಂದ ಸಾಗಿಬಂದ ಮಿಂಚಿನ ದಾಳಿಯ ಕೊನೆಯಲ್ಲಿ ಚೆಂಡು ಪೆನಾಲ್ಟಿ ಬಾಕ್ಸಿನೊಳಗೆ ಓಡಿಬರುತ್ತಿದ್ದ ಅರ್ಶಾವಿನ್‌ಗೆ ಸಿಕ್ಕಿತು. 2-1. ಯಾವ ತಂಡಕ್ಕೆ ಆಡಬೇಕೆಂದು ಆಸೆಪಟ್ಟಿದ್ದರೋ ಅದೇ ತಂಡದ ಮೇಲೆ. ಎರಡನೆಯ ಪಂದ್ಯದಲ್ಲಿ ಆರ್ಸೆನಲ್ ಸೋತು ಹೊರಬಿತ್ತು.

2012ರಲ್ಲಿ ಪ್ರೇಕ್ಷಕರು ಅವರನ್ನು ನೋಡಿ ಕೂಗಿದರು ಎನ್ನುತ್ತಾರೆ. ಏನದು?

ಅವರನ್ನಲ್ಲ, ಅವರನ್ನು ಇಳಿಸಿದ ತೀರ್ಮಾನವನ್ನು ನೋಡಿ ಕೂಗಿದರು ಎನ್ನುವುದು ಹೆಚ್ಚು ಸರಿ. ಆದರೆ ಮೈದಾನಕ್ಕೆ ಇಳಿಯುತ್ತಿರುವವನ ಕಿವಿಗೆ ಎರಡರ ನಡುವೆ ವ್ಯತ್ಯಾಸ ಕೇಳಿಸುವುದಿಲ್ಲ. ಜನವರಿ 22ರಂದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 1-1 ಇದ್ದಾಗ, ಚೆನ್ನಾಗಿ ಆಡುತ್ತಿದ್ದ ಹದಿಹರೆಯದ ಅಲೆಕ್ಸ್ ಆಕ್ಸ್‌ಲೇಡ್ ಚೇಂಬರ್ಲೇನ್ ಅವರನ್ನು ತೆಗೆದು ವೆಂಗರ್ ಅರ್ಶಾವಿನ್ ಅವರನ್ನು ಕಳಿಸಿದರು. ಸ್ವಂತ ಅಂಗಳವೇ ಗದ್ದಲವೆಬ್ಬಿಸಿತು. ಸ್ವಲ್ಪ ಹೊತ್ತಿನಲ್ಲಿ ಆಂಟೊನಿಯೊ ವಲೆನ್ಸಿಯಾ ಇವರನ್ನು ದಾಟಿ ಹೋಗಿ ಕೊಟ್ಟ ಚೆಂಡಿನಿಂದಲೇ ಯುನೈಟೆಡ್ ಗೆಲುವಿನ ಗೋಲು ಬಂತು. ಮರುತಿಂಗಳು ಸಂಡರ್‌ಲೆಂಡ್‌ನಲ್ಲಿ ಥಿಯೆರಿ ಆನ್ರಿ ಆರ್ಸೆನಲ್ ಪರ ಹೊಡೆದ ಕೊನೆಯ ಲೀಗ್ ಗೋಲಿಗೆ ಅರ್ಶಾವಿನ್ ಕೊಟ್ಟ ಕ್ರಾಸ್ ಅಷ್ಟೇ ನಿಖರವಾಗಿತ್ತು, ಆದರೆ ಅದನ್ನು ನೆನೆಯುವವರು ಕಡಿಮೆ. ಫೆಬ್ರವರಿ ಕೊನೆಯಲ್ಲಿ ಎರವಲು ಆಟಗಾರನಾಗಿ ಜೆನಿತ್‌ಗೆ ಹೋದರು.

ಆರ್ಸೆನಲ್‌ನಲ್ಲಿ ಒಟ್ಟು ಎಷ್ಟು ಪಂದ್ಯ, ಎಷ್ಟು ಗೋಲು, ಯಾವ ಟ್ರೋಫಿ?

ಎಲ್ಲ ಟೂರ್ನಿಗಳೂ ಸೇರಿ 144 ಪಂದ್ಯ, 31 ಗೋಲು. ಟ್ರೋಫಿ ಒಂದೂ ಇಲ್ಲ. ಆರ್ಸೆನಲ್ 2005ರಿಂದ 2014ರವರೆಗೆ ಏನನ್ನೂ ಗೆಲ್ಲದ ಬರಗಾಲದ ನಟ್ಟನಡುವೆ ಅವರು ಅಲ್ಲಿದ್ದರು. ಹತ್ತಿರ ಬಂದದ್ದು 2011ರ ಲೀಗ್ ಕಪ್ ಫೈನಲ್, ಬರ್ಮಿಂಗ್‌ಹ್ಯಾಮ್ ಎದುರು. ವ್ಯಾನ್ ಪರ್ಸಿಯ ಗೋಲಿಗೆ ಕ್ರಾಸ್ ಕೊಟ್ಟದ್ದು ಇವರೇ, ಆದರೆ ಆರ್ಸೆನಲ್ 1-2ರಿಂದ ಸೋತಿತು.

## ಕೊನೆಯ ವರ್ಷಗಳು, ಮತ್ತು ವಾದದ ಪ್ರಶ್ನೆಗಳು

ಆರ್ಸೆನಲ್ ನಂತರ ಎಲ್ಲಿ ಆಡಿದರು?

2013ರಲ್ಲಿ ಒಪ್ಪಂದ ಮುಗಿದು ಜೆನಿತ್‌ಗೆ ಮರಳಿದರು. 2011-12ರ ಎರವಲು ಅವಧಿಯಲ್ಲಿ ಒಂದು ಲೀಗ್ ಪ್ರಶಸ್ತಿ ಬಂದಿತ್ತು, 2014-15ರಲ್ಲಿ ಇನ್ನೊಂದು. ಆದರೆ ಈಗ ಅವರು ತಂಡದ ಕೇಂದ್ರವಲ್ಲ, ಬೆಂಚಿನ ಹಿರಿಯ. ಕುಬಾನ್‌ನಲ್ಲಿ ಅರ್ಧ ವರ್ಷ ನಿಸ್ಸಾರವಾಗಿ ಕಳೆಯಿತು. 2016ರ ವಸಂತದಲ್ಲಿ ಅಲ್ಮಾಟಿಯ ಕೈರಾತ್ ಸೇರಿದಾಗ ಇದು ವಿಹಾರ ಎಂದೇ ಅನೇಕರು ಭಾವಿಸಿದರು. ಮೂರು ಋತು ಆಡಿದರು, ಗೋಲು ಹೊಡೆದರು, 2017ರಲ್ಲಿ ಕಜಕಸ್ತಾನ ಕಪ್ ಗೆದ್ದರು. ಲೀಗ್‌ನಲ್ಲಿ ಅಸ್ತಾನಾ ತಂಡದ ಹಿಂದೆ ಎರಡನೆಯ ಸ್ಥಾನವೇ ಗತಿಯಾಯಿತು. ಅಲ್ಲಿ ಅವರಿಗೆ ಬೇಕಾದ ಜಾಗ ಮತ್ತೆ ಸಿಕ್ಕಿತ್ತು ಎಂಬುದು ಗಮನಾರ್ಹ. ನಿವೃತ್ತಿಯ ನಂತರ ಟಿವಿಯಲ್ಲಿ ವಿಶ್ಲೇಷಕರಾಗಿ ಕಾಣಿಸಿಕೊಂಡರು, ಜೆನಿತ್ ಕ್ಲಬ್ಬಿನ ಆಡಳಿತದಲ್ಲೂ ಹೊಣೆ ಹೊತ್ತರು.

ಅಭಿಮಾನಿಗಳ ಚಿತ್ರವಿಚಿತ್ರ ಪ್ರಶ್ನೆಗಳಿಗೆ ಅವರೇ ಉತ್ತರ ಬರೆಯುತ್ತಿದ್ದರಂತೆ?

ಹೌದು. ಆರ್ಸೆನಲ್ ದಿನಗಳಲ್ಲಿ ತಮ್ಮದೇ ಜಾಲತಾಣದಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು, ಮತ್ತು ಪ್ರಶ್ನೆಗಳು ಆಟಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಉತ್ತರಗಳು ಚುಟುಕು, ನಿರ್ಭಾವ, ಕೆಲವೊಮ್ಮೆ ಒರಟು. ಅದೇ ನಿರ್ಭಾವದ ಹಾಸ್ಯ ಲಂಡನ್ನಿನಲ್ಲಿ ಅವರನ್ನು ಪ್ರೀತಿಪಾತ್ರರನ್ನಾಗಿ ಮಾಡಿತು, 2012ರ ಹೋಟೆಲಿನಲ್ಲಿ ಶತ್ರುವನ್ನಾಗಿ.

2008ರ ಆ ರಷ್ಯಾ ತಂಡದವರು ಇಂಗ್ಲೆಂಡಿಗೆ ಹೋಗಿ ಬಹಳ ಮಂದಿ ಬೇಗ ಮರಳಿದರು. ರಷ್ಯನ್ನರಿಗೆ ಹೊರದೇಶ ಒಗ್ಗುವುದಿಲ್ಲವೇ?

ಪಾವ್ಲ್ಯುಚೆಂಕೊ ಟಾಟನ್‌ಹ್ಯಾಮ್‌ಗೆ, ಯೂರಿ ಜಿರ್ಕೊವ್ ಚೆಲ್ಸಿಗೆ, ದಿನಿಯಾರ್ ಬಿಲ್ಯಾಲೆತ್ದಿನೊವ್ ಎವರ್ಟನ್‌ಗೆ ಹೋದರು. 2012ರ ವಸಂತದ ಹೊತ್ತಿಗೆ ಮೂವರೂ ರಷ್ಯಾದ ಕ್ಲಬ್‌ಗಳಲ್ಲಿದ್ದರು. ಒಗ್ಗಲಿಲ್ಲ ಎನ್ನುವುದಕ್ಕಿಂತ ಮರಳುವುದು ಲಾಭದಾಯಕವಾಗಿತ್ತು ಎನ್ನಬೇಕು. ರಷ್ಯಾದ ಲೀಗ್‌ನಲ್ಲಿ ಏಕಕಾಲಕ್ಕೆ ಮೈದಾನದಲ್ಲಿರಬಹುದಾದ ವಿದೇಶೀಯರ ಸಂಖ್ಯೆಗೆ ಮಿತಿಯಿತ್ತು. ಪ್ರತಿ ಶ್ರೀಮಂತ ಕ್ಲಬ್‌ಗೂ ಒಳ್ಳೆಯ ರಷ್ಯನ್ ಆಟಗಾರರು ಬೇಕಾಗಿದ್ದರು, ಅವರು ಇದ್ದದ್ದೇ ಕೆಲವರು. ಹಾಗಾಗಿ ಸಂಬಳ ಏರಿತು. ಇಂಗ್ಲೆಂಡಿನ ಬೆಂಚಿನ ಮೇಲೆ ಕೂತು ಪಡೆಯುವುದಕ್ಕಿಂತ ಹೆಚ್ಚಿನ ಹಣ ಮನೆಯಲ್ಲೇ ಸಿಗುವಾಗ, ಹೊರಗೆ ಹೋರಾಡುವ ಹಟ ಎಷ್ಟು ದಿನ ಉಳಿದೀತು? ಈ ಲೆಕ್ಕದಲ್ಲಿ ನಾಲ್ಕು ವರ್ಷಕ್ಕೂ ಮೀರಿ ಆರ್ಸೆನಲ್ ಆಟಗಾರನಾಗಿದ್ದ ಅರ್ಶಾವಿನ್ ಉಳಿದವರಿಗಿಂತ ಗಟ್ಟಿಗರೇ.

ನೇರವಾಗಿ ಹೇಳಿ: ಅವರು ಸೋಮಾರಿಯೇ?

ಚೆಂಡು ಎದುರಾಳಿಯ ಕಾಲಿನಲ್ಲಿರುವಾಗ, ಹೌದು, ಬಹುಮಟ್ಟಿಗೆ. ಆರ್ಸೆನಲ್‌ನ ಕೊನೆಯ ಎರಡು ವರ್ಷಗಳಲ್ಲಿ ಅದು ಕಣ್ಣಿಗೆ ರಾಚುವಷ್ಟಾಗಿತ್ತು, ಅದನ್ನು ಸಮರ್ಥಿಸಲು ಹೋಗುವುದು ವ್ಯರ್ಥ. ಆದರೆ ಬಾಸೆಲ್‌ನಲ್ಲಿ 116ನೇ ನಿಮಿಷದಲ್ಲೂ ಎಲ್ಲರಿಗಿಂತ ವೇಗವಾಗಿ ಓಡಿದವನನ್ನು ಹುಟ್ಟು ಸೋಮಾರಿ ಎನ್ನಲಾಗದು. ತಾನು ನಿಲ್ಲಬೇಕಾದ ಜಾಗದಲ್ಲಿ ನಿಂತಿದ್ದೇನೆ ಎಂಬ ನಂಬಿಕೆ ಇದ್ದಾಗ ಅವರು ಓಡಿದರು, ಇಲ್ಲದಾಗ ನಡೆದಾಡಿದರು. ವೃತ್ತಿಪರ ಆಟಗಾರನಿಗೆ ಇದು ದೋಷವೇ. ಹಿಡಿಂಕ್ ಮತ್ತು ಅಡ್ವೊಕಾಟ್ ಆ ದೋಷವನ್ನು ಮೊದಲೇ ಒಪ್ಪಿಕೊಂಡು ಅದರ ಸುತ್ತ ತಂಡ ಕಟ್ಟಿದರು, ವೆಂಗರ್ ಅವರನ್ನು ತಮ್ಮಲ್ಲಿದ್ದ ತಂಡದೊಳಗೆ ಹೊಂದಿಸಲು ನೋಡಿದರು.

ಅವರ ಒಂದೇ ಒಂದು ಪಂದ್ಯ ನೋಡುವಷ್ಟು ಸಮಯವಿದೆ. ಯಾವುದನ್ನು ನೋಡಲಿ?

ಆನ್‌ಫೀಲ್ಡ್ ಎಂದು ಹೇಳುವವರೇ ಹೆಚ್ಚು. ಗೋಲುಗಳ ತುಣುಕು ನೋಡಲು ಅದು ಸರಿ, ಐದು ನಿಮಿಷ ಸಾಕು. ಪೂರ್ತಿ ಪಂದ್ಯ ನೋಡುವುದಾದರೆ ಬಾಸೆಲ್‌ನದನ್ನು ನೋಡಿ, ಮತ್ತು ಚೆಂಡನ್ನು ಹಿಂಬಾಲಿಸದೆ ಹತ್ತನೇ ಸಂಖ್ಯೆಯ ಅಂಗಿ ತೊಟ್ಟವರನ್ನು ಮಾತ್ರ ಹಿಂಬಾಲಿಸಿ. ಬಹಳ ಹೊತ್ತು ಏನೂ ಮಾಡದವರಂತೆ ಕಾಣುತ್ತಾರೆ: ನಡೆಯುತ್ತಾರೆ, ಹೆಗಲ ಮೇಲಿಂದ ಹಿಂದೆ ನೋಡುತ್ತಾರೆ, ಡಚ್ ಮಿಡ್‌ಫೀಲ್ಡರುಗಳ ಬೆನ್ನ ಹಿಂದೆ ಎರಡು ಹೆಜ್ಜೆ ಸರಿದು ನಿಲ್ಲುತ್ತಾರೆ. ಚೆಂಡು ಯಾರ ಕಾಲಿಗೆ ಬರಲಿದೆ ಎಂದು ಪ್ರೇಕ್ಷಕರು ನೋಡುತ್ತಿರುವಾಗ ಅವರು ಅದಾಗಲೇ ಮುಂದಿನ ಪಾಸ್ ಬೀಳುವ ಜಾಗದತ್ತ ಹೊರಟಿರುತ್ತಾರೆ.